ಅಮ್ಮಾ, ಏಳಬೇಡ, ಕೂತಿರು: ವಯಸ್ಸಾದವರು ಬೀಳೋದರ ಹಿಂದಿನ ಇತಿಹಾಸ

ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲೇ ಕೂತು ಓದ್ತಾ ಇದ್ದರೂ ಸ್ವಾಗತ. ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ, ಮೀಟಿಂಗ್ ಮಧ್ಯೆ ಕದ್ದು ಓದೋ ಗೆಳೆಯರಿಗಾಗಿ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಅರಸೀಕೆರೆಯಲ್ಲಿ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು ಪುಣೆಯಿಂದ ರಾತ್ರೋರಾತ್ರಿ ರೈಲು ಹತ್ತಿ ಹೋದೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಊದಿತ್ತು ಅಷ್ಟೆ. ಆದರೆ ನನಗೆ ಕೈಕಾಲು ನಡುಗಿತ್ತು. ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟರೆ ನಾವು ಏನು ಮಾಡ್ತೀವೋ ಅದನ್ನೇ ಮಾಡಿದೆ: ಎಲ್ಲ ಕಡೆ ನಿರ್ಬಂಧ ಹಾಕಿದೆ. ನಡುಮನೆಗೆ ಕ್ಯಾಮೆರಾ ಬಂತು. ಕೆಲಸಕ್ಕೆ ಒಬ್ಬರು ಬಂದರು. ಹಿತ್ತಲ ಬಾಗಿಲಿಗೆ ಚಿಲಕ ಬಿತ್ತು, ಯಾಕಂದ್ರೆ ಅಲ್ಲಿ ಎರಡು ಕಲ್ಲು ಮೆಟ್ಟಿಲಿವೆ. ದಿನಾ ಫೋನಿನಲ್ಲಿ ಒಂದೇ ಮಾತು: "ಅಮ್ಮಾ, ಏಳಬೇಡ, ಕೂತಿರು. ಏನು ಬೇಕೋ ಕೇಳು, ತಂದುಕೊಡ್ತಾರೆ."

ಎಂಟು ತಿಂಗಳು ಅಮ್ಮ ಒಂದು ಸಲವೂ ಬೀಳಲಿಲ್ಲ. ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಕುರ್ಚಿಯಿಂದ ಏಳೋಕೆ ಎರಡೂ ಕೈ ಊರಿ, ಮೂರು ಸಲ ಪ್ರಯತ್ನಪಟ್ಟು, ಕೊನೆಗೆ ನನ್ನ ಕೈ ಹಿಡಿದು ಎದ್ದಳು. ಬೀಳೋ ಮುಂಚೆ ದಿನಾ ಹಿತ್ತಲಿಗೆ ಹೋಗಿ ಪೂಜೆಗೆ ಹೂವು ಕಿತ್ತು ತರ್ತಿದ್ದವಳು ಇವಳೇನಾ ಅನ್ನಿಸಿತು. ಬಿದ್ದದ್ದು ಅವಳನ್ನ ಹೀಗೆ ಮಾಡಲಿಲ್ಲ. ನಾನು ಮಾಡಿದ್ದೆ.

ಆಮೇಲೆ ಓದೋಕೆ ಶುರು ಮಾಡಿದೆ. ನಾನು ಎಂಟು ತಿಂಗಳಲ್ಲಿ ಮಾಡಿದ ತಪ್ಪನ್ನ ವೈದ್ಯಲೋಕ ದಶಕಗಟ್ಟಲೆ ಮಾಡಿ, ನಿಧಾನವಾಗಿ ತಿದ್ದಿಕೊಂಡಿದೆ ಅಂತ ಗೊತ್ತಾಯ್ತು. ಇವತ್ತಿನ ಕಥೆ ಅದೇ.

714 ಹಾಸಿಗೆಗಳು

ಕಥೆ ಶುರುವಾಗೋದು ಲಂಡನ್ ಪಕ್ಕದ ಐಲ್‌ವರ್ತ್‌ನಲ್ಲಿ, 1935ರಲ್ಲಿ. ಅಲ್ಲಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ವರ್ಕ್‌ಹೌಸ್‌ನ ರೋಗಿಗಳನ್ನೂ ವಹಿಸಿಕೊಡಲಾಯಿತು. ವರ್ಕ್‌ಹೌಸ್ ಅಂದರೆ ಗತಿಯಿಲ್ಲದ ಬಡವರನ್ನ ಸೇರಿಸ್ತಿದ್ದ ಜಾಗ. ಅಲ್ಲಿ ಆಶ್ರಯಕ್ಕಿಂತ ಅವಮಾನವೇ ಹೆಚ್ಚು. ಹೀಗೆ ಬಂದ 714 ಹಾಸಿಗೆಗಳ ಜವಾಬ್ದಾರಿ ಮಾರ್ಜರಿ ವಾರೆನ್ ಅನ್ನೋ ವೈದ್ಯೆಯ ಹೆಗಲಿಗೆ ಬಿತ್ತು.

ಆ ಹಾಸಿಗೆಗಳಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಮಲಗಿಯೇ ಇದ್ದರು. ಯಾವ ಕಾಯಿಲೆಯಿಂದ ಮಲಗಿದರು ಅನ್ನೋದನ್ನ ಯಾರೂ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ. "ವಯಸ್ಸಾಯ್ತು" ಅನ್ನೋದೇ ರೋಗದ ಹೆಸರು, ಹಾಸಿಗೆಯೇ ಚಿಕಿತ್ಸೆ. ಮಲಗಿದ್ದರೆ ಬೀಳೋದಿಲ್ಲ, ದಾದಿಯರಿಗೂ ಸುಲಭ.

ವಾರೆನ್ ಮಾಡಿದ ಮೊದಲ ಕೆಲಸ ಪ್ರತಿಯೊಬ್ಬರನ್ನೂ ಪರೀಕ್ಷಿಸಿ ವಿಂಗಡಿಸಿದ್ದು. ಯಾರು ನಡೆಯಬಲ್ಲರು, ಯಾರು ಸ್ವಲ್ಪ ಸಹಾಯ ಸಿಕ್ಕರೆ ಎದ್ದು ಕೂರಬಲ್ಲರು, ಯಾರಿಗೆ ನಿಜವಾಗಿ ಹಾಸಿಗೆ ಬೇಕು? ಎರಡನೇ ಕೆಲಸ, ಆಗುವಷ್ಟು ಜನರನ್ನ ಎಬ್ಬಿಸಿದ್ದು. ವಾರ್ಡಿನ ಮಂಕು ಗೋಡೆಗಳಿಗೆ ತಿಳಿ ಬಣ್ಣ ಹೊಡೆಸಿದರು, ಬೆಳಕು ಹೆಚ್ಚಿಸಿದರು, ಹಿಡಿದು ನಡೆಯೋಕೆ ಕಂಬಿ ಹಾಕಿಸಿದರು. ನಿಂತರು, ನಡೆದರು, ಎಷ್ಟೋ ಜನ ಮನೆಗೇ ಹೋದರು. 714 ಹಾಸಿಗೆ ಬೇಕಾಗಿದ್ದ ಕಡೆ ಕ್ರಮೇಣ ಸುಮಾರು 240 ಸಾಕಾಯ್ತು. 1943 ಮತ್ತು 1946ರಲ್ಲಿ ಅವರು ಇದನ್ನ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ವೃದ್ಧರ ವೈದ್ಯಶಾಸ್ತ್ರ ಅನ್ನೋ ಪ್ರತ್ಯೇಕ ಶಾಖೆ ಬ್ರಿಟನ್‌ನಲ್ಲಿ ಬೇರೂರಿದ್ದು ಇಲ್ಲಿಂದ.

1947ರಲ್ಲಿ ರಿಚರ್ಡ್ ಆಶರ್ ಅನ್ನೋ ಇನ್ನೊಬ್ಬ ಲಂಡನ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆ ಹಿಡಿಯೋದರ ಅಪಾಯಗಳು ಅಂತಲೇ ಒಂದು ಲೇಖನ ಬರೆದರು. ಮಲಗಿದ ಮನುಷ್ಯನ ದೇಹದಲ್ಲಿ ಏನೇನಾಗುತ್ತೆ ಅಂತ ಒಂದೊಂದೇ ಅಂಗ ಹಿಡಿದು ಹೇಳಿದರು: ಮೂಳೆಯಿಂದ ಸುಣ್ಣದ ಅಂಶ ಕರಗುತ್ತೆ, ಸ್ನಾಯು ಸೊರಗುತ್ತೆ, ಕಾಲಿನ ರಕ್ತ ಹೆಪ್ಪುಗಟ್ಟಬಹುದು, ಚರ್ಮ ಹುಣ್ಣಾಗುತ್ತೆ, ಮನಸ್ಸೂ ಕುಗ್ಗುತ್ತೆ. ಅಲ್ಲಿಯವರೆಗೆ ವಿಶ್ರಾಂತಿ ಅಂದರೆ ಔಷಧಿ ಅಂತಲೇ ಎಲ್ಲರ ನಂಬಿಕೆ. ನಮ್ಮನೆಗಳಲ್ಲಿ ಇವತ್ತಿಗೂ ಅದೇ ತಾನೆ?

500 ಬೀಳುಗಳ ಲಾಗ್

ಎದ್ದು ಓಡಾಡಿ ಅಂದರೆ ಸರಿ, ಓಡಾಡಿದವರು ಬಿದ್ದರೆ? ಈ ಪ್ರಶ್ನೆಯನ್ನ ಗಂಭೀರವಾಗಿ ತಗೊಂಡವರು ಜೆ. ಎಚ್. ಶೆಲ್ಡನ್, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಊರಿನ ವೈದ್ಯರು.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಅಲ್ಲಿ ಎಲ್ಲರಿಗೂ ರೇಷನ್ ಇತ್ತು. ಶೆಲ್ಡನ್ ಅವರ ತಂಡ ರೇಷನ್ ದಾಖಲೆಗಳಿಂದಲೇ ಊರಿನ ಮುದುಕ ಮುದುಕಿಯರನ್ನ ಆರಿಸಿ ಪಟ್ಟಿ ಮಾಡಿತು. ನಾನೂರಕ್ಕೂ ಹೆಚ್ಚು ಮಂದಿಯನ್ನ ಅವರವರ ಮನೆಗೇ ಹೋಗಿ ಮಾತಾಡಿಸಿತು. ಆಸ್ಪತ್ರೆಗೆ ಬಂದವರನ್ನಲ್ಲ, ಮನೆಯಲ್ಲಿರೋರನ್ನ. ಈ ವ್ಯತ್ಯಾಸ ದೊಡ್ಡದು. ಬಿದ್ದವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರೋದೇ ಇಲ್ಲ, ಮಕ್ಕಳಿಗೂ ಹೇಳೋದಿಲ್ಲ. ನಮ್ಮಮ್ಮ ಬಚ್ಚಲಲ್ಲಿ ಬಿದ್ದದ್ದು ಮೊದಲ ಸಲವೇನಲ್ಲ, ಮೂರನೇ ಸಲ ಅಂತ ನನಗೆ ಪಕ್ಕದ ಮನೆಯವರಿಂದ ಗೊತ್ತಾಯ್ತು.

1948ರಲ್ಲಿ ಆ ಸಮೀಕ್ಷೆ ಪುಸ್ತಕವಾಯ್ತು. 1960ರಲ್ಲಿ ಅದೇ ಶೆಲ್ಡನ್ ಇನ್ನೊಂದು ಲೇಖನ ಬರೆದರು. ಅದರಲ್ಲಿ 202 ಜನರ 500 ಬೀಳುವಿಕೆಗಳ ಲೆಕ್ಕ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎರರ್ ಲಾಗ್. 500ರಲ್ಲಿ 171 ಜಾರಿ, ಹೆಜ್ಜೆ ತಪ್ಪಿ ಆದ ಆಕಸ್ಮಿಕಗಳು. 53 ಎಡವಿ ಬಿದ್ದದ್ದು. 125 ಡ್ರಾಪ್ ಅಟ್ಯಾಕ್, ಅಂದರೆ ಎಚ್ಚರ ತಪ್ಪದೆ, ಯಾವ ಮುನ್ಸೂಚನೆಯೂ ಇಲ್ಲದೆ ಕಾಲು ಕುಸಿಯೋದು. 37 ತಲೆಸುತ್ತಿನಿಂದ. 18 ಎದ್ದು ನಿಂತ ಕೂಡಲೇ ರಕ್ತದೊತ್ತಡ ಇಳಿದದ್ದರಿಂದ. 20 ಬರೀ ತಲೆಯನ್ನ ಹಿಂದಕ್ಕೆ ಎತ್ತಿದ್ದಕ್ಕೆ! ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯೋಕೆ ಕತ್ತು ಎತ್ತಿದರೆ ಏನಾಗುತ್ತೆ ಯೋಚಿಸಿ. ಅಡುಗೆಮನೆಯ ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿ ಇಡೋರೆಲ್ಲ ಇದನ್ನ ನೆನಪಿಟ್ಕೊಳ್ಳಿ. ಮೆಟ್ಟಿಲ ಬಗ್ಗೆಯೂ ಅವರು ಗಮನಿಸಿದ್ದರು: ಇಳಿಯುವಾಗ ಕೆಳಗೆ ಬಂದಾಯ್ತು ಅಂದುಕೊಂಡು ಕೊನೆಯ ಮೆಟ್ಟಿಲನ್ನೇ ತಪ್ಪಿಸೋರು ಬಹಳ.

ಈ ಪಟ್ಟಿ ಹೇಳಿದ್ದು ಏನಂದ್ರೆ, ಬೀಳೋದು ಹಣೆಬರಹ ಅಲ್ಲ. ಪ್ರತಿ ಸಲಕ್ಕೂ ಒಂದು ಕಾರಣ ಇದೆ, ಹುಡುಕಿದರೆ ಸಿಗುತ್ತೆ.

ಶೆಲ್ಡನ್ ನಂತರ ಇದನ್ನ ಮುಂದಕ್ಕೆ ತಗೊಂಡು ಹೋದವರಲ್ಲಿ ಬರ್ನಾರ್ಡ್ ಐಸಾಕ್ಸ್ ಒಬ್ಬರು. 1981ರಲ್ಲಿ ವೈಲ್ಡ್, ನಾಯಕ್, ಐಸಾಕ್ಸ್ ಮೂವರ ಲೇಖನ ಬಂತು. ಹೌದು, ನಾಯಕ್! ಮನೆಯಲ್ಲಿ ಬಿದ್ದ 125 ಹಿರಿಯರನ್ನ ಅವರು ಒಂದು ವರ್ಷ ಗಮನಿಸಿದರು. ನಾಲ್ಕರಲ್ಲಿ ಒಬ್ಬರು ಆ ವರ್ಷದೊಳಗೇ ತೀರಿಕೊಂಡಿದ್ದರು. ಅದರಲ್ಲೂ ಬಿದ್ದ ಮೇಲೆ ಏಳಲಾಗದೆ ಒಂದು ಗಂಟೆಗೂ ಹೆಚ್ಚು ನೆಲದ ಮೇಲೇ ಇದ್ದವರಲ್ಲಿ ಅರ್ಧದಷ್ಟು ಜನ ಆರು ತಿಂಗಳಲ್ಲಿ ಹೋಗಿಬಿಟ್ಟಿದ್ದರು. ಬೀಳೋದಷ್ಟೇ ಅಪಾಯ ಅಲ್ಲ, ಎದ್ದೇಳೋ ಶಕ್ತಿ ಇಲ್ಲದಿರೋದು ಅದಕ್ಕಿಂತ ದೊಡ್ಡ ಸೂಚನೆ. ಆ ಶಕ್ತಿ ಕೂತು ಬರೋದಿಲ್ಲ.

ಕಟ್ಟಿಹಾಕಿದ ಕಾಲ

ಬ್ರಿಟನ್‌ನಲ್ಲಿ ಇಷ್ಟೆಲ್ಲ ಗೊತ್ತಾಗಿದ್ದರೂ ಅಮೆರಿಕದ ನರ್ಸಿಂಗ್ ಹೋಂಗಳಲ್ಲಿ 1980ರ ದಶಕದವರೆಗೂ ಬೇರೆಯೇ ಪದ್ಧತಿ ಇತ್ತು. ವೃದ್ಧರನ್ನ ಕುರ್ಚಿಗೆ, ಮಂಚಕ್ಕೆ ಬೆಲ್ಟಿನಿಂದ, ಪಟ್ಟಿಯಿಂದ ಕಟ್ಟೋದು. ಶಿಕ್ಷೆಗಾಗಿ ಅಲ್ಲ. "ಬೀಳಬಾರದು" ಅಂತ, ಒಳ್ಳೆಯ ಮನಸ್ಸಿನಿಂದಲೇ. ಬಿದ್ದರೆ ಮನೆಯವರು ಕೇಸು ಹಾಕ್ತಾರೆ ಅನ್ನೋ ಭಯವೂ ಜೊತೆಗಿತ್ತು.

ಲೋಯಿಸ್ ಇವಾನ್ಸ್ ಮತ್ತು ನೆವಿಲ್ ಸ್ಟ್ರಂಫ್ ಅನ್ನೋ ಇಬ್ಬರು ನರ್ಸಿಂಗ್ ಪ್ರಾಧ್ಯಾಪಕಿಯರು ಇದನ್ನ ಪ್ರಶ್ನಿಸಿದರು. ಕಟ್ಟೋದರಿಂದ ನಿಜವಾಗಿ ರಕ್ಷಣೆ ಸಿಗುತ್ತೆ ಅನ್ನೋದಕ್ಕೆ ಪುರಾವೆ ಎಲ್ಲಿದೆ? 1987ರಲ್ಲಿ ಅಮೆರಿಕದ ಕಾಂಗ್ರೆಸ್ ನರ್ಸಿಂಗ್ ಹೋಂ ಸುಧಾರಣೆಯ ಕಾನೂನು ತಂದಿತು. ಚಿಕಿತ್ಸೆಗೆ ಅಗತ್ಯವಿಲ್ಲದೆ, ಶಿಸ್ತಿಗೋ ಸಿಬ್ಬಂದಿಯ ಅನುಕೂಲಕ್ಕೋ ಯಾರನ್ನೂ ಕಟ್ಟುವಂತಿಲ್ಲ ಅಂತ ಅದು ಹೇಳಿತು.

ಪುರಾವೆಯೂ ಬಂತು. ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟದೇ ಇದ್ದವರಲ್ಲಿ 5% ಜನ ಬಿದ್ದು ಗಂಭೀರ ಗಾಯ ಮಾಡಿಕೊಂಡಿದ್ದರು. ಕಟ್ಟಿದವರಲ್ಲಿ? 17%. "ಹೆಚ್ಚು ದುರ್ಬಲರನ್ನೇ ಕಟ್ಟಿರ್ತಾರೆ, ಅದಕ್ಕೇ ಹಾಗೆ" ಅಂತ ನೀವು ಕೇಳಬಹುದು. ನನಗೂ ಅದೇ ಅನುಮಾನ ಬಂತು. ಆ ವ್ಯತ್ಯಾಸಗಳನ್ನ ಲೆಕ್ಕಕ್ಕೆ ತಗೊಂಡ ಮೇಲೂ ಕಟ್ಟೋದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ.

1999ರಲ್ಲಿ 16 ನರ್ಸಿಂಗ್ ಹೋಂಗಳ ಫಲಿತಾಂಶ ಪ್ರಕಟವಾಯ್ತು. ಅಲ್ಲಿ ಕಟ್ಟೋದನ್ನ 41%ನಿಂದ 4%ಗೆ ಇಳಿಸಿದ್ದರು. ಸಣ್ಣಪುಟ್ಟ ಬೀಳುವಿಕೆ ಸ್ವಲ್ಪ ಹೆಚ್ಚಾಯ್ತು, ಅದನ್ನ ಮುಚ್ಚಿಡಬಾರದು. ಆದರೆ ಗಂಭೀರ ಗಾಯಗಳು ಕಡಿಮೆಯಾದವು.

ಇದನ್ನ ಓದಿದಾಗ ನನಗೆ ಹಿತ್ತಲ ಬಾಗಿಲಿನ ಚಿಲಕ ನೆನಪಾಯ್ತು. ನಾನು ಬೆಲ್ಟ್ ಹಾಕಿರಲಿಲ್ಲ ಅಷ್ಟೆ. ಆಫ್ ಮಾಡಿಟ್ಟ ಸರ್ವರ್ ಯಾವತ್ತೂ ಕ್ರ್ಯಾಶ್ ಆಗೋದಿಲ್ಲ. ಅದನ್ನ ಅಪ್‌ಟೈಮ್ ಅಂತ ಕರೆಯೋಕಾಗುತ್ತಾ?

ಒಂದೇ ಕಾರಣ ಹುಡುಕಬೇಡಿ

ಟಿನೆಟ್ಟಿ ಅವರ ದೊಡ್ಡ ಕೊಡುಗೆ ಇನ್ನೊಂದಿದೆ. ಮನೆಯಲ್ಲೇ ವಾಸಿಸೋ, 75 ದಾಟಿದ 336 ಜನರನ್ನ ಅವರು ಒಂದು ವರ್ಷ ಗಮನಿಸಿ 1988ರಲ್ಲಿ ಬರೆದರು. 32% ಜನ ಒಂದು ಸಲವಾದರೂ ಬಿದ್ದಿದ್ದರು. ಯಾವ ಅಪಾಯಕಾರಿ ಅಂಶವೂ ಇಲ್ಲದವರಲ್ಲಿ ಬೀಳೋ ಸಾಧ್ಯತೆ 8%. ನಾಲ್ಕು ಅಥವಾ ಹೆಚ್ಚು ಅಂಶ ಇದ್ದವರಲ್ಲಿ 78%. ನಿದ್ರೆಗೆ, ಆತಂಕಕ್ಕೆ ತಗೊಳ್ಳೋ ಮಾತ್ರೆಗಳು, ಕಾಲಿನ ತೊಂದರೆ, ಪಾದದ ಸಮಸ್ಯೆ, ನಡಿಗೆಯ ಸಮತೋಲನ, ಹೀಗೆ.

ನಮ್ಮಲ್ಲಿ ಏನಾದರೂ ಕೆಟ್ಟರೆ ರೂಟ್ ಕಾಸ್ ಏನು ಅಂತ ಕೇಳ್ತಾರಲ್ಲ, ಬಹಳ ಸಲ ಅದೇ ತಪ್ಪು ಪ್ರಶ್ನೆ. ನಾಲ್ಕು ಸಣ್ಣ ದೋಷ ಒಟ್ಟಿಗೆ ಸೇರಿದಾಗ ಸಿಸ್ಟಮ್ ಬೀಳುತ್ತೆ. ಮನುಷ್ಯರೂ ಹಾಗೇ. "ನೆಲ ಒದ್ದೆ ಇತ್ತು, ಬಿದ್ದಳು" ಅಂತ ನಾವು ಮುಗಿಸಿಬಿಡ್ತೀವಿ. ಅದೇ ಒದ್ದೆ ನೆಲದಲ್ಲಿ ಹತ್ತು ವರ್ಷ ಬೀಳದವರು ಇವತ್ತು ಯಾಕೆ ಬಿದ್ದರು? ಹೊಸ ಮಾತ್ರೆ ಶುರುವಾಗಿತ್ತಾ? ಕಣ್ಣಿಗೆ ಪೊರೆ ಬಂದಿದೆಯಾ? ತೊಡೆಯ ಸ್ನಾಯು ಸೊರಗಿದೆಯಾ?

ಒಳ್ಳೆ ಸುದ್ದಿ ಏನಂದ್ರೆ, ನಾಲ್ಕರಲ್ಲಿ ಎರಡನ್ನ ಸರಿಮಾಡಿದರೂ ಲಾಭ ಇದೆ. ಟಿನೆಟ್ಟಿ 1994ರಲ್ಲಿ ಅದನ್ನ ತೋರಿಸಿದರು. 70 ದಾಟಿದ 301 ಜನ. ಒಂದು ಗುಂಪಿನವರ ಮಾತ್ರೆಗಳನ್ನ ಮರುಪರಿಶೀಲಿಸಿ, ಬಚ್ಚಲಲ್ಲಿ ಏಳೋದು ಕೂರೋದನ್ನ ಸುರಕ್ಷಿತ ಮಾಡಿ, ನಡಿಗೆಗೆ, ಶಕ್ತಿಗೆ ವ್ಯಾಯಾಮ ಹೇಳಿಕೊಟ್ಟರು. ಒಂದು ವರ್ಷದಲ್ಲಿ ಆ ಗುಂಪಿನಲ್ಲಿ 35% ಜನ ಬಿದ್ದರು, ಇನ್ನೊಂದು ಗುಂಪಿನಲ್ಲಿ 47%. ಅವರು ಇನ್ನೊಂದನ್ನೂ ಅಳೆದಿದ್ದರು: ಬೀಳುವ ಭಯ. ಭಯ ಆದವರು ಓಡಾಟ ಕಡಿಮೆ ಮಾಡ್ತಾರೆ, ಕಡಿಮೆ ಮಾಡಿದಷ್ಟೂ ಕಾಲು ಸೊರಗುತ್ತೆ, ಸೊರಗಿದಷ್ಟೂ ಬೀಳ್ತಾರೆ. ಆ ಭಯ ನಮ್ಮ ಫೋನ್ ಕರೆಯಿಂದಲೂ ಹರಡುತ್ತೆ.

ಡನೀಡಿನ್‌ನ ಅಜ್ಜಿಯರು

ಹಾಗಾದರೆ ಯಾವ ವ್ಯಾಯಾಮ? ಉತ್ತರ ಬಂದದ್ದು ಭೂಮಿಯ ಇನ್ನೊಂದು ತುದಿಯಿಂದ, ನ್ಯೂಜಿಲೆಂಡಿನ ಡನೀಡಿನ್ ನಗರದ ಒಟಾಗೋ ವಿಶ್ವವಿದ್ಯಾಲಯದಿಂದ. ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಜೊತೆಗಾರರು 80 ದಾಟಿದ 233 ಅಜ್ಜಿಯರನ್ನ ಆರಿಸಿದರು. ಎಂಬತ್ತು ದಾಟಿದವರು! ಅರ್ಧ ಜನರ ಮನೆಗೆ ಫಿಸಿಯೋಥೆರಪಿಸ್ಟ್ ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿ ಹೇಳಿಕೊಟ್ಟರು: ಕಣಕಾಲಿಗೆ ತೂಕ ಕಟ್ಟಿ ಕಾಲು ಎತ್ತೋದು, ಕುರ್ಚಿಯಿಂದ ಕೂತು ಏಳೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಗೆರೆ ಮೇಲೆ ನಡೆಯೋದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಜೊತೆಗೆ ಹೊರಗೆ ನಡಿಗೆ. ಜಿಮ್ ಇಲ್ಲ, ಯಂತ್ರ ಇಲ್ಲ.

1997ರಲ್ಲಿ ಫಲಿತಾಂಶ ಪ್ರಕಟವಾಯ್ತು. ಒಂದು ವರ್ಷದಲ್ಲಿ ವ್ಯಾಯಾಮ ಇಲ್ಲದ ಗುಂಪಿನಲ್ಲಿ 152 ಬೀಳುವಿಕೆ, ವ್ಯಾಯಾಮ ಮಾಡಿದವರಲ್ಲಿ 88. ಮುಂದೆ ಇಂಥ ನಾಲ್ಕು ಪ್ರಯೋಗಗಳನ್ನ ಕೂಡಿಸಿ 1016 ಜನರ ಲೆಕ್ಕ ನೋಡಿದಾಗ ಬೀಳೋದು 35% ಕಡಿಮೆಯಾಗಿತ್ತು. ಅಂದರೆ ಬೀಳದಂತೆ ಕಾಪಾಡಿದ್ದು ವಿಶ್ರಾಂತಿ ಅಲ್ಲ, ಚಲನೆ.

ಅದೇ ತಂಡದ 1999ರ ಇನ್ನೊಂದು ಅಧ್ಯಯನ ನನಗೆ ತುಂಬ ಮಾನವೀಯ ಅನ್ನಿಸಿತು. ನಿದ್ರೆ ಮಾತ್ರೆ, ಆತಂಕದ ಮಾತ್ರೆಗಳನ್ನ ನಿಧಾನವಾಗಿ ಬಿಡಿಸಿದರೆ ಬೀಳೋದು ಕಡಿಮೆಯಾಗುತ್ತಾ? ಆಯ್ತು, 66% ಕಡಿಮೆ. ಆದರೆ ಪ್ರಯೋಗ ಮುಗಿದು ಒಂದು ತಿಂಗಳೊಳಗೆ ಮಾತ್ರೆ ಬಿಟ್ಟವರಲ್ಲಿ 47% ಜನ ಮತ್ತೆ ಶುರು ಮಾಡಿಬಿಟ್ಟಿದ್ದರು. ಒಬ್ಬಂಟಿ ರಾತ್ರಿಗಳಿಗೆ ಅಂಕಿಅಂಶ ಸಾಕಾಗೋದಿಲ್ಲ.

ನಮ್ಮ ಹತ್ತಿರದ ಮದ್ರಾಸ್

ನಮ್ಮ ದೇಶದಲ್ಲಿ ಇದು ಶುರುವಾಗಿದ್ದು ಎಲ್ಲಿ? ಚೆನ್ನೈನ ಗೆಳೆಯರೇ, ನಿಮ್ಮ ಸೆಂಟ್ರಲ್ ಸ್ಟೇಷನ್ ಎದುರಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ. ಬ್ರಿಟನ್‌ನಲ್ಲಿ ತರಬೇತಿ ಪಡೆದು ಬಂದ ಡಾ. ವಿ. ಎಸ್. ನಟರಾಜನ್ 1978ರಲ್ಲಿ ಅಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ಶುರು ಮಾಡಿದರು. ವಾರೆನ್ ಅವರ ಐಲ್‌ವರ್ತ್‌ನಿಂದ ಹೊರಟ ಎಳೆ ಹೀಗೆ ನಮ್ಮ ಪಕ್ಕದ ರಾಜ್ಯ ತಲುಪಿತು. ವೃದ್ಧರ ವೈದ್ಯಶಾಸ್ತ್ರದಲ್ಲಿ ದೇಶದ ಮೊದಲ ಎಂ.ಡಿ. ಕೋರ್ಸ್ 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲೇ ಬಂತು. ಕೇಂದ್ರ ಸರ್ಕಾರದ ಹಿರಿಯರ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು 2010-11ರಲ್ಲಿ. ಅಂದರೆ ಈ ವಿದ್ಯೆ ನಮ್ಮಲ್ಲಿ ಇನ್ನೂ ಚಿಕ್ಕದು. ಊರಿನ ಡಾಕ್ಟರು "ವಯಸ್ಸಾಯ್ತಲ್ವಾ, ಹುಷಾರಾಗಿರಿ" ಅಂತ ಕಳಿಸಿದರೆ ಅಚ್ಚರಿ ಪಡಬೇಡಿ. ಮುಂದಿನ ಪ್ರಶ್ನೆ ನಾವೇ ಕೇಳಬೇಕು.

ಈ ಸಲ ಊರಿಗೆ ಹೋದಾಗ

ಮೊದಲನೆಯದು, ಒಂದು ಸಣ್ಣ ಪರೀಕ್ಷೆ. ಐಸಾಕ್ಸ್, ನಾಯಕ್ ಮತ್ತು ಮಥಿಯಾಸ್ 1986ರಲ್ಲಿ ರೂಪಿಸಿದ್ದನ್ನ 1991ರಲ್ಲಿ ಕೆನಡಾದ ಇಬ್ಬರು ಸಂಶೋಧಕಿಯರು ಗಡಿಯಾರಕ್ಕೆ ಹೊಂದಿಸಿದರು. ಕುರ್ಚಿಯಲ್ಲಿ ಕೂರಿಸಿ. ಎದ್ದು, 3 ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರಬೇಕು. ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯ ಇದೆ ಅನ್ನೋದು ಅಮೆರಿಕದ ಸಿಡಿಸಿ ಬಳಸೋ ಅಳತೆ. ಅಮ್ಮನಿಗೆ ಆ ಹಬ್ಬದಲ್ಲಿ 21 ಸೆಕೆಂಡ್ ಬೇಕಾಗಿತ್ತು.

ಎರಡನೆಯದು, ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ. ಯಾವುದು ಈಗಲೂ ಬೇಕು ಅಂತ ಕೇಳಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಕೂತಾಗ ಒಂದು ಸಲ, ಎದ್ದು ನಿಂತ ಮೇಲೆ ಇನ್ನೊಂದು ಸಲ ಬಿಪಿ ನೋಡೋಕೆ ಹೇಳಿ.

ಮೂರನೆಯದು ಮನೆ. ನಾವು ಇಲ್ಲಿಂದ ದುಡ್ಡು ಕಳಿಸಿ, ಅಪ್ಪ ಅಮ್ಮನ ಹಳೇ ಗಾರೆ ನೆಲ ಕೀಳಿಸಿ, ಫಳಫಳ ಟೈಲ್ಸ್ ಹಾಕಿಸಿರ್ತೀವಿ. ನಮ್ಮನೆ ಬಚ್ಚಲಿನದೂ ನನ್ನದೇ ಉಡುಗೊರೆ. ಈಗ ಅಲ್ಲಿ ಒರಟು ಟೈಲ್ಸ್ ಇದೆ, ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಹಿಡಿಕೆ ಇದೆ, ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯುತ್ತೆ. ಹಿತ್ತಲ ಮೆಟ್ಟಿಲಿಗೆ ಕಂಬಿ ಬಂತು, ಕೊನೆಯ ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಂತು. ಚಿಲಕ ತೆಗೆದೆ.

ನಾಲ್ಕನೆಯದು ಕಾಲಿನ ಶಕ್ತಿ. ಊರಿನ ಫಿಸಿಯೋಥೆರಪಿಸ್ಟ್ ನೋಡಿ ಹೇಳಿಕೊಟ್ಟದ್ದನ್ನ ವಾರಕ್ಕೆ ಮೂರು ದಿನ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಮಾಡ್ತೀವಿ. ಮೊದಲು ಹತ್ತು ಸಲ ಕೂತು ಏಳೋದು. ಎಂಟನೇದಕ್ಕೆ ನನಗೇ ಉಸಿರು ಬರುತ್ತೆ, ಅಮ್ಮ ನಗ್ತಾಳೆ.

ಹೋದ ತಿಂಗಳು 14 ಸೆಕೆಂಡ್ ಬಂತು. ನಡುಮನೆಯ ಕ್ಯಾಮೆರಾ ಮೇಲೆ ಅಮ್ಮ ಒಂದು ಬ್ಲೌಸ್ ಪೀಸ್ ಹೊದಿಸಿಟ್ಟಿದ್ದಾಳೆ, ನಾನೂ ಏನೂ ಹೇಳಲಿಲ್ಲ. ಬೆಳಿಗ್ಗೆ ತಾನೇ ಹಿತ್ತಲಿಗೆ ಇಳಿದು ಹೂವು ಕೀಳ್ತಾಳೆ. ಮತ್ತೆ ಬೀಳಬಹುದು. ಆ ಭಯ ನನಗಿನ್ನೂ ಹೋಗಿಲ್ಲ, ಬಹುಶಃ ಹೋಗೋದೂ ಇಲ್ಲ. ಆದರೆ ಅದು ನನ್ನ ಭಯ. ಅದರ ಸಮಾಧಾನಕ್ಕೆ ಅವಳನ್ನ ಕಟ್ಟಿ ಕೂರಿಸೋ ಹಕ್ಕು ನನಗಿಲ್ಲ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ "ಹುಷಾರು, ಕೂತಿರು" ಅನ್ನೋ ಬದಲು "ಇವತ್ತು ಎಲ್ಲಿಗೆ ನಡೆದೆ?" ಅಂತ ಕೇಳಿ ನೋಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.